‘ಬುದ್ಧಿಜೀವಿ’ ಅಂದರೆ ಹೊಗಳಿಕೆಯೋ ಬೈಗುಳವೋ?

ಊರಿನ ಸಭೆ ಸಮಾರಂಭಗಳ ಆಮಂತ್ರಣ ಪತ್ರಿಕೆಗಳ ಕರಡು ತಿದ್ದಲು ನನ್ನ ಬಳಿ ತರುತ್ತಾರೆ. ಕನ್ನಡ ಮೇಷ್ಟ್ರು ಅನ್ನುವ ಸಲಿಗೆ. ಹಾಗೆ ಬಂದವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಸಾರ್, ‘ಬುದ್ಧಿಜೀವಿ’ ಅಂದರೆ ಹೊಗಳಿದ ಹಾಗೋ, ಬೈದ ಹಾಗೋ?”

ಎರಡೂ ಅಲ್ಲ. ಅದು ಬದುಕುವ ಒಂದು ರೀತಿಯ ಹೆಸರು. ಮೈಮುರಿದು ದುಡಿಯುವವರು ಶ್ರಮಜೀವಿಗಳಾದರೆ, ಬುದ್ಧಿಯನ್ನು ನೆಚ್ಚಿ ಬಾಳುವವರು ಬುದ್ಧಿಜೀವಿಗಳು. ಪದ ತೀರಾ ಹಳೆಯದು. ಮನುಸ್ಮೃತಿಯ ಮೊದಲ ಅಧ್ಯಾಯದ 96ನೇ ಶ್ಲೋಕದಲ್ಲಿದೆ: ಪ್ರಾಣಿಗಳಲ್ಲಿ ಬುದ್ಧಿಯಿಂದ ಬದುಕುವವು ಮೇಲು, ಬುದ್ಧಿಯುಳ್ಳವುಗಳಲ್ಲಿ ಮನುಷ್ಯರು ಮೇಲು. ಅಂದರೆ ಮನುಷ್ಯರ ಮೆಟ್ಟಿಲಿಗಿಂತ ಮೊದಲೇ ಬುದ್ಧಿಜೀವಿಗಳ ಮೆಟ್ಟಿಲು ಬರುತ್ತದೆ. ನೀರು, ನೆರಳು ಹುಡುಕಿಕೊಂಡು ಹೋಗುವ ಹಸುವಿಗೂ ಅಲ್ಲಿ ಜಾಗವಿದೆ. ಮನುಷ್ಯರಲ್ಲಿ ಬ್ರಾಹ್ಮಣರು ಮೇಲು ಅನ್ನುವ ಅದೇ ಶ್ಲೋಕದ ಕೊನೆಯ ಮೆಟ್ಟಿಲನ್ನು ನಾನು ಒಪ್ಪುವುದಿಲ್ಲ.

ಬರಹಗಾರರು, ಪ್ರಾಧ್ಯಾಪಕರು ಅನ್ಯಾಯದ ವಿರುದ್ಧ ದನಿ ಎತ್ತಿದಾಗ ನಾವು ಬಳಸುವ ಅರ್ಥ ಈಚಿನದು. ಅದಕ್ಕೆ ಬಲ ಬಂದದ್ದು ಫ್ರಾನ್ಸಿನಲ್ಲಿ. ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಗೂಢಚಾರನೆಂದು ಸುಳ್ಳೇ ಸೆರೆಗೆ ತಳ್ಳಿದ್ದರು. 1898ರ ಜನವರಿಯಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಇದನ್ನು ಖಂಡಿಸಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದ. ಅದರ ಬೆನ್ನಿಗೇ ಲೇಖಕರು, ವಿಜ್ಞಾನಿಗಳು ಮರುವಿಚಾರಣೆ ಕೇಳಿ ಸಹಿ ಹಾಕಿದರು. ‘ಓ, ಬುದ್ಧಿಜೀವಿಗಳು!’ ಎಂದು ಎದುರಾಳಿಗಳು ಹಂಗಿಸಿದರು. ಹಂಗಿಸಿಕೊಂಡವರು ಆ ಹೆಸರನ್ನೇ ಹೆಮ್ಮೆಯಿಂದ ಉಳಿಸಿಕೊಂಡರು. 1906ರಲ್ಲಿ ಡ್ರೇಫಸ್ ನಿರಪರಾಧಿ ಎಂದು ತೀರ್ಪಾಯಿತು. ಇವತ್ತು ಅದೇ ಪದವನ್ನು ‘ಲದ್ದಿಜೀವಿ’ ಎಂದು ತಿರುಚಿ ಆಡಿಕೊಳ್ಳುವವರಿದ್ದಾರೆ. ಅವರಿಗೆ ಹೆದರಿ ಒಳ್ಳೆಯ ಪದವೊಂದನ್ನು ಬಿಟ್ಟುಕೊಡಬಾರದು.

ಹಾಗೆಂದು ಆಮಂತ್ರಣ ಪತ್ರಿಕೆಯಲ್ಲಿ ಅದನ್ನು ಬಿರುದಿನಂತೆ ಹಾಕಿಸುವುದೂ ಬೇಡ. ಹೆಸರಿನ ಕೆಳಗೆ ‘ಖ್ಯಾತ ಚಿಂತಕರು’ ಎಂದಷ್ಟೇ ಇದ್ದರೆ, ಅವರು ಯಾವುದರ ಬಗ್ಗೆ ಚಿಂತಿಸಿದ್ದಾರೆ ಎಂದು ಕೇಳುತ್ತೇನೆ. ‘ಕೆರೆಗಳ ಬಗ್ಗೆ ಬರೀತಾರೆ’ ಅಂದರೆ ‘ಕೆರೆಗಳ ಅಧ್ಯಯನಕಾರರು’ ಎಂದು ತಿದ್ದುತ್ತೇನೆ. ಓದುವವರಿಗೆ ಅದರಿಂದ ಉಪಯೋಗ.

ನನಗೆ ಹೆಚ್ಚು ಪ್ರಿಯವಾದ ಪದ ‘ವಿಚಾರವಂತ’. ಅದಕ್ಕೆ ಪದವಿ ಬೇಡ, ಇಂಥದೇ ಕಸುಬು ಅಂತಲೂ ಇಲ್ಲ. “ಅವರು ವಿಚಾರವಂತರು, ಒಂದು ಮಾತು ಕೇಳ್ಕೊಂಡು ಬಾ” ಎಂದು ಹಳ್ಳಿಗಳಲ್ಲಿ ಹೇಳುವುದು ಹೆಬ್ಬೆಟ್ಟು ಒತ್ತುವ ಅಜ್ಜಿಯ ಬಗ್ಗೆಯೂ ಇರಬಹುದು. ಹಿಂದುಮುಂದು ನೋಡಿ, ಎರಡೂ ಕಡೆ ಕೇಳಿ ಮಾತಾಡುವವರು ಅಂತ ಅರ್ಥ.

ಇದನ್ನು ‘ವಿಚಾರವಾದಿ’ಯೊಂದಿಗೆ ಬೆರೆಸುವವರು ಬಹಳ. ವಿಚಾರವಾದ ಒಂದು ನಿಲುವು: ಪರೀಕ್ಷೆಗೆ ನಿಲ್ಲದ ಯಾವುದನ್ನೂ ಒಪ್ಪದಿರುವುದು. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಅವರನ್ನು ವಿಚಾರವಾದಿ ಎಂದರೆ ಸರಿಯಾಗಿ ಒಪ್ಪುತ್ತದೆ. ದಿನಾ ಪೂಜೆ ಮಾಡುವ ನಮ್ಮ ಪಕ್ಕದ ಮನೆಯ ಹಿರಿಯರಿಗೆ ಅದು ಒಪ್ಪುವುದಿಲ್ಲ. ಆದರೆ ಮೊಮ್ಮಗಳ ಮದುವೆಗೆ ಜಾತಕ ನೋಡುವ ಮೊದಲು ಅವಳ ಇಷ್ಟ ಕೇಳಿದ ಅವರನ್ನು ನಾನು ಧಾರಾಳವಾಗಿ ವಿಚಾರವಂತರು ಅನ್ನುತ್ತೇನೆ.