ನಾನು 'ಸಣ್ಣ ನಡಿಗೆ' ಅಂತ ಬರೆದ 486 ಮೆಟ್ಟಿಲು

ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ರೈಲು ಹತ್ತಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಅಂಥ ಮಡಿಕೇರಿಯಲ್ಲಿ ಕೂತು ಜಪಾನಿನ ರೈಲುಗಳ ಟೈಮ್ ನೋಡಿ ಐಟಿನರಿ ಮಾಡುವ ಕೆಲಸ ನನ್ನದು. ಆ ಹದಿನಾಲ್ಕು ಪ್ಯಾಕ್ಸ್ (ನಮ್ಮ ಭಾಷೆಯಲ್ಲಿ ಪ್ರಯಾಣಿಕರು) ಗ್ರೂಪನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಕ್ಟೋಬರ್ ಟ್ರಿಪ್. ಮಳೆ ಬಿಟ್ಟು, ಕಾಫಿ ಕೊಯ್ಲು ಶುರುವಾಗುವ ಮುಂಚೆ ಸಿಗುವ ಬಿಡುವಲ್ಲೇ ನಮ್ಮ ತೋಟದವರು ಊರು ಬಿಡುವುದು. ಹೆಚ್ಚಿನವರು ಅರವತ್ತು ದಾಟಿದವರು. ಒಬ್ಬರು ರಿಟೈರ್ಡ್ ಸುಬೇದಾರರು, ಮಂಡಿ ಆಪರೇಷನ್ ಆಗಿದೆ. ಶರತ್ಕಾಲದ ಕೆಂಪೆಲೆ ನೋಡಬೇಕು ಅಂದರು. ಗುನ್ಮಾ ಕಡೆಯ ತಾನಿಗಾವಾ ಬೆಟ್ಟದ ರೋಪ್‌ವೇಯನ್ನು ನಾನು ಐಟಿನರಿಗೆ ಹಾಕಿದೆ. ಹತ್ತಿರದ ಸ್ಟೇಷನ್ ದೊಆಯಿ. ದಿನಕ್ಕೆ ಬೆರಳೆಣಿಕೆಯ ರೈಲು, ಸಿಬ್ಬಂದಿ ಯಾರೂ ಇಲ್ಲ.

ನಾನು ನೋಡಿದ ಫೋಟೊದಲ್ಲಿ ಬಿಸಿಲು ಬಿದ್ದ ಪ್ಲಾಟ್‌ಫಾರ್ಮ್, ಹಿಂದೆ ಕಾಡು. ಅದು ಅಪ್ ಲೈನಿನದು, 1931ರ ಹಳೇ ಸುರಂಗದಿಂದ ಬಂದು ಟೋಕಿಯೋ ಕಡೆ ಹೋಗುವ ರೈಲಿಗೆ. 1967ರಲ್ಲಿ 13.5 ಕಿಲೋಮೀಟರಿನ ಇನ್ನೊಂದು ಸುರಂಗ ಕೊರೆದು ಡೌನ್ ಲೈನನ್ನು ಅದರೊಳಗೆ ಹಾಕಿದಾಗ ಆ ಕಡೆಯ ಪ್ಲಾಟ್‌ಫಾರ್ಮೂ ಸುರಂಗದೊಳಗೇ ಆಯಿತು, ಸ್ಟೇಷನ್ ಕಟ್ಟಡಕ್ಕಿಂತ ಸುಮಾರು 70 ಮೀಟರ್ ಕೆಳಗೆ. ನಮ್ಮವರು ಹೋಗುತ್ತಿದ್ದದ್ದು ಟೋಕಿಯೋ ಕಡೆಯಿಂದ. ಅಂದರೆ ಇಳಿಯುವುದು ಪಾತಾಳದಲ್ಲಿ.

ಆ್ಯಪ್‌ನಲ್ಲಿ ದೂರ ಕೆಲವು ನೂರು ಮೀಟರ್ ಅಂತಿತ್ತು. 'ಸಣ್ಣ ನಡಿಗೆ, ನಂತರ ಬಸ್' ಅಂತ ಬರೆದು, ಬಸ್ಸಿಗೆ ಹನ್ನೆರಡು ನಿಮಿಷದ ಕನೆಕ್ಷನ್ ಇಟ್ಟೆ. ಮ್ಯಾಪಲ್ಲಿ ಎರಡು ಬೆರಳು ದೂರ ಕಾಣುವ ಊರಿಗೆ ಹೋಗಲು ಒಂದು ಗಂಟೆ ಘಾಟಿ ಸುತ್ತುವ ಜಾಗದಲ್ಲಿ ಹುಟ್ಟಿ ಬೆಳೆದವಳು, ಎತ್ತರ ಎಷ್ಟು ಅಂತ ಕೇಳಲೇ ಇಲ್ಲ.

ಅಲ್ಲಿ ಮಧ್ಯಾಹ್ನ, ಇಲ್ಲಿ ಒಂಬತ್ತು ದಾಟಿತ್ತು. ಕೊನೆಯ ಅಕ್ಕಿ ರೊಟ್ಟಿ ಹೆಂಚಿನ ಮೇಲಿತ್ತು. ಗ್ರೂಪಿನ ಜೊತೆ ಹೋಗಿದ್ದ ಟಿಎಲ್ (ಟೂರ್ ಲೀಡರ್) ಹುಡುಗನ ಕಾಲ್. ಬರೀ ಏದುಸಿರು. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು "ಹಲೋ, ಹಲೋ" ಅಂತ ಕೂಗಿದೆ.

"ಅಕ್ಕಾ... ಬಸ್ ನಿಲ್ಲಿಸೋಣ ಅಂತ ನಾನೊಬ್ಬನೇ ಓಡಿ ಬಂದೆ. ಉಳಿದವರೆಲ್ಲ ಕೆಳಗಿದ್ದಾರೆ."

"ಯಾವ ಕೆಳಗೆ? ಬೇಗ ಬನ್ನಿ ಅನ್ನು, ಬಸ್ ಬಿಡಬೇಡ."

ಒಂದು ಕ್ಷಣ ಸುಮ್ಮನಾದ. "ಅಕ್ಕಾ, 462 ಮೆಟ್ಟಿಲು. ಮೇಲೆ ಒಂದು ಕಾರಿಡಾರ್, ಆಮೇಲೆ ಇನ್ನೂ 24. ಲಿಫ್ಟ್ ಇಲ್ಲ. ಎಲ್ಲರ ಕೈಯಲ್ಲೂ ಸೂಟ್‌ಕೇಸ್ ಇದೆ."

ಸೂಟ್‌ಕೇಸ್! ಅದೂ ನನ್ನದೇ ಕೆಲಸ. ಲಗೇಜ್ ಫಾರ್ವರ್ಡಿಂಗ್ (ಸೂಟ್‌ಕೇಸನ್ನು ಮುಂದಿನ ಹೋಟೆಲಿಗೆ ಬೇರೆಯಾಗಿ ಕಳಿಸುವ ವ್ಯವಸ್ಥೆ) ತೆಗೆದುಬಿಡು, ರೇಟ್ ಕೂರುತ್ತಿಲ್ಲ ಅಂದಿದ್ದು ಮ್ಯಾನೇಜರ್ರೇ. ಕಾಸ್ಟಿಂಗ್ ಶೀಟಲ್ಲಿ ಸೊನ್ನೆ ಹೊಡೆದದ್ದು ನಾನು. ಅಷ್ಟರಲ್ಲಿ ಬಸ್ ಹೊರಟಿತು. ಹುಡುಗ ಮತ್ತೆ ಕೆಳಗೆ ಓಡಿದ.

ಆಮೇಲೆ ಇಪ್ಪತ್ಮೂರು ನಿಮಿಷ ಸುದ್ದಿಯೇ ಇಲ್ಲ. ರೊಟ್ಟಿ ಕರಕಲಾಯಿತು. ಆ ಮೆಟ್ಟಿಲ ಫೋಟೊವನ್ನು ನಾನು ಹುಡುಕಿ ನೋಡಿದ್ದು ಆಗಲೇ. ಟ್ಯೂಬ್‌ಲೈಟಿನ ಸಾಲು ಮೇಲಕ್ಕೆ ಹೋಗುತ್ತಾ ಹೋಗುತ್ತಾ ಒಂದು ಚುಕ್ಕಿ. ಪಕ್ಕದಲ್ಲಿ ಎಸ್ಕಲೇಟರಿಗೆಂದು ಬಿಟ್ಟ ಜಾಗ. ಹಾಕಲೇ ಇಲ್ಲ, ಇಷ್ಟು ವರ್ಷದಿಂದ ಹಾಗೇ ಖಾಲಿ. ಮಂಡಿ, ಬಿಪಿ, ಇನ್ಶೂರೆನ್ಸ್ ಪಾಲಿಸಿ ನಂಬರ್ ಎಲ್ಲ ಒಟ್ಟಿಗೆ ತಲೆಯಲ್ಲಿ. "ಬೇಗ ಬನ್ನಿ ಅನ್ನು" ಅಂದೆನಲ್ಲ, ಯಾರಾದರೂ ಅದನ್ನೇ ನಂಬಿ ಓಡಿದರೆ?

ಕೊನೆಗೆ ಒಂದು ಫೋಟೊ ಬಂತು. ನಡುದಾರಿಯ ಬೆಂಚಿನ ಮೇಲೆ ಸುಬೇದಾರ್ ಅಂಕಲ್, ಮಫ್ಲರ್ ಸುತ್ತಿಕೊಂಡು ಸೂಟ್‌ಕೇಸ್ ಮೇಲೆ ಕಾಲು ಚಾಚಿದ್ದಾರೆ. ಕೆಳಗೆ ಮೆಸೇಜ್: 'ಎಲ್ಲರೂ ಓಕೆ. ಅಂಕಲ್ ನಿಮ್ಮ ನಂಬರ್ ಕೇಳ್ತಿದ್ದಾರೆ.'

ಇಷ್ಟಕ್ಕೇ ಮುಗಿದಿರಲಿಲ್ಲ. ರೋಪ್‌ವೇ ಆದಮೇಲೆ ಸುರಂಗದ ಆಚೆಗಿರುವ ಎಚಿಗೋ ಯುಜಾವಾಕ್ಕೆ ಹೋಗುವ ಸಂಜೆ ರೈಲೂ ಡೌನ್ ಲೈನಿನದೇ. ಅಂದರೆ ಅದೇ 486 ಮೆಟ್ಟಿಲು, ಈ ಸಲ ಇಳಿದುಕೊಂಡು. ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಯಾರನ್ನೂ ಕೇಳದೆ ಪ್ಲ್ಯಾನ್ ಬದಲಿಸಿದೆ: ರೋಪ್‌ವೇಯಿಂದ ಬಸ್ಸಲ್ಲಿ ಜೋಮೋ ಕೋಗೆನ್ ಸ್ಟೇಷನ್, ಅಲ್ಲಿಂದ ಶಿಂಕನ್ಸೆನ್ ಅಂದರೆ ಬುಲೆಟ್ ಟ್ರೇನ್, ಒಂದೇ ಸ್ಟಾಪ್. ಮೊದಲೇ ಹೀಗೆ ಹಾಕಬಹುದಿತ್ತು. ಟಿಕೆಟ್ ಡಿಫರೆನ್ಸ್ ನನ್ನ ಇನ್ಸೆಂಟಿವ್‌ನಲ್ಲಿ ಕಟ್ ಆಯಿತು. ಸೊನ್ನೆ ಹೊಡೆಸಿದವರ ಸಂಬಳದಲ್ಲಿ ಏನೂ ಕಟ್ ಆಗಲಿಲ್ಲ, ಬಿಡಿ.

ವಾಪಸ್ ಬಂದಮೇಲೆ ಅಂಕಲ್ ಆಫೀಸಿಗೇ ಬಂದರು. ನನ್ನ ಐಟಿನರಿ ಮಡಚಿ ಜೇಬಲ್ಲಿಟ್ಟುಕೊಂಡೇ ಬಂದಿದ್ದರು. 'ಸಣ್ಣ ನಡಿಗೆ'ಯ ಕೆಳಗೆ ಕೆಂಪು ಪೆನ್ನಿನ ಗೆರೆ.

"ಏನಮ್ಮಾ, ದೊಡ್ಡ ನಡಿಗೆ ಅಂತ ಬರೆದಿದ್ರೆ ಎಲ್ಲಿಗೆ ಕಳಿಸ್ತಿದ್ದೆ ನಮ್ಮನ್ನ?"

ಈಗ ನನ್ನ ಶೀಟಲ್ಲಿ 'ಮೆಟ್ಟಿಲು' ಅಂತ ಒಂದು ಕಾಲಂ ಇದೆ. ಅಲ್ಲಿ ಆ್ಯಪ್ ನೋಡಿ ತುಂಬಿಸುವುದಿಲ್ಲ. ಹೋಗಿ ಬಂದವರಿಗೆ ಫೋನ್ ಮಾಡಿ ಕೇಳುತ್ತೇನೆ. ಒಂದು ಕಾಲಂ ಜಾಸ್ತಿಯಾಗಿ ಪ್ರಿಂಟ್ ಎ4ನಲ್ಲಿ ಕೂರುತ್ತಿಲ್ಲ, ತೆಗೆದುಬಿಡು ಅಂತ ಮ್ಯಾನೇಜರ್ ಎರಡು ಸಲ ಹೇಳಿದ್ದಾರೆ. ಫಾಂಟ್ ಸಣ್ಣ ಮಾಡಿದ್ದೇನೆ.