‘ಪೋರ್ಟ್ ಸಿಗ್ತಿಲ್ಲ, ಏನ್ ಮಾಡ್ಲಿ?’ ಎನ್ನುವವರಿಗೆ

ಮನೆಯ ದೀಪ, ಮೋಟಾರುಗಳನ್ನು ಕಂಪ್ಯೂಟರಿನಿಂದ ನಡೆಸುವ ಹೋಮ್ ಆಟೋಮೇಷನ್ ಮಾಡಿಕೊಂಡಿರುವ ಬಂಧುಮಿತ್ರರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಪೋರ್ಟ್ ಸಿಗ್ತಿಲ್ಲ, ಏನ್ ಮಾಡ್ಲಿ?’ ಪೋರ್ಟ್ ಎಂದರೆ ಇಲ್ಲಿ ಕಂಪ್ಯೂಟರು ಆ ಸಾಧನಗಳೊಂದಿಗೆ ಮಾತಾಡುವ ಸೀರಿಯಲ್ ಪೋರ್ಟ್. ಆ ಪ್ರಶ್ನೆಯ ಬೆನ್ನಿಗೇ, ಯಾರೂ ಕೇಳದಿದ್ದರೂ, ‘ನಾನೇನೂ ಮುಟ್ಟಿಲ್ಲ’ ಎಂಬ ಸಾಕ್ಷ್ಯವೂ ಬರುತ್ತದೆ. ಮುಟ್ಟಿದ್ದೀರಿ ಎಂದು ನಾನು ಆರೋಪಿಸಿರುವುದಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ ಯುಎಸ್‌ಬಿ ಡಾಂಗಲ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿ, ‘ಲೈಟ್ ಉರೀತಿದೆ ನೋಡಿ’ ಎನ್ನುತ್ತಾರೆ. ದೀಪ ಉರಿಯುತ್ತಿದೆ ಎಂದರೆ ಅದಕ್ಕೆ 5 ವೋಲ್ಟ್ ವಿದ್ಯುತ್ ಸಿಗುತ್ತಿದೆ ಎಂದಷ್ಟೇ ಅರ್ಥ. ಆ ಫೋಟೊದಿಂದ ನನಗೆ ಹೆಚ್ಚುವರಿಯಾಗಿ ತಿಳಿಯುವುದು ನಿಮ್ಮ ಟಿವಿ ಸ್ಟ್ಯಾಂಡಿನ ಹಿಂದೆ ಎಷ್ಟು ಧೂಳಿದೆ ಎಂಬುದು.

ನನಗೆ ಬೇಕಿರುವುದು ಲಾಗ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಬರೆದಿಡುವ ದಿನಚರಿಯಲ್ಲಿ, ಇರುವ ಒಂದು ಸಾಲು. ಮನೆಯ ಸಾಧನಗಳನ್ನು ನಡೆಸಲು ನೀವು ಬಳಸುವ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್ ಆಗಿರಲಿ, ಓಪನ್‌ಹ್ಯಾಬ್ ಆಗಿರಲಿ, ಕೆಳಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದ್ದರೆ ಸೀರಿಯಲ್ ಪೋರ್ಟ್ ಸಾಮಾನ್ಯವಾಗಿ ನಾಲ್ಕು ರೀತಿಯಲ್ಲಿ ಕೈಕೊಡುತ್ತದೆ: ‘ನೋ ಸಚ್ ಫೈಲ್’ ಎನ್ನುತ್ತದೆ, ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ, ‘ರಿಸೋರ್ಸ್ ಬ್ಯುಸಿ’ ಎನ್ನುತ್ತದೆ, ಇಲ್ಲವೇ ಸರಾಗವಾಗಿ ತೆರೆದುಕೊಂಡು ಸುಮ್ಮನೆ ಕೂರುತ್ತದೆ. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಎಲ್ಲವನ್ನೂ ಸೇರಿಸಿ ‘ಸಿಗ್ತಿಲ್ಲ’ ಎಂದರೆ ನಾನು ಕಣಿ ಹೇಳಬೇಕಾಗುತ್ತದೆ.

ಕೊನೆಯದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬನಶಂಕರಿಯಲ್ಲಿರುವ ದೊಡ್ಡಮ್ಮನ ಮನೆಯಲ್ಲಿ ನೀರು ಬಾರದೆ ಹೋದದ್ದು ಅದರಿಂದಲೇ. ದೊಡ್ಡಮ್ಮನ ಮಗ, ನನ್ನ ಅಣ್ಣ, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರನ್ನು ಆರ್‌ಎಸ್-485 ಎಂಬ ಸೀರಿಯಲ್ ತಂತಿ ಸಂಪರ್ಕದ ರಿಲೇ ಬೋರ್ಡಿಗೆ (ಆಜ್ಞೆ ಬಂದಾಗ ಸ್ವಿಚ್ ಹಾಕಿ ತೆಗೆಯುವ ಬೋರ್ಡು) ಜೋಡಿಸಿ, ಎಸ್.ಪಿ. ರಸ್ತೆಯಿಂದ ತಂದ ಯುಎಸ್‌ಬಿ ಕನ್ವರ್ಟರ್ ಮೂಲಕ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಸೇರಿಸಿದ್ದ. ಅದೇ ಪೈಗೆ ಬಲ್ಬುಗಳಿಗೆಂದು ಜಿಗ್‌ಬೀ ಎಂಬ ನಿಸ್ತಂತು ಸಂಪರ್ಕದ ಒಂದು ಡಾಂಗಲನ್ನೂ ಚುಚ್ಚಿದ್ದ. ಒಂದು ರಾತ್ರಿ ಕರೆಂಟ್ ಹೋಗಿ ಬಂದಿತು. ಬೆಳಿಗ್ಗೆ ಅವನು ಆಫೀಸಿಗೆ ಹೋದ ಮೇಲೆ ದೊಡ್ಡಮ್ಮ ನನಗೆ ಫೋನ್ ಮಾಡಿದರು: ‘ಟ್ಯಾಂಕ್ ಖಾಲಿ ಕಣೋ. ಮುಂಚೆ ಗೋಡೆ ಮೇಲೆ ಒಂದು ಸ್ವಿಚ್ ಇತ್ತು, ಒತ್ತಿದ್ರೆ ಮೋಟರ್ ಓಡ್ತಿತ್ತು. ಅದನ್ನ ಯಾಕೋ ಕಿತ್ತ ಇವನು?’

ಆಗಿದ್ದು ಇಷ್ಟು. ‘ಟಿಟಿವೈ-ಯುಎಸ್‌ಬಿ-0’, ‘ಟಿಟಿವೈ-ಯುಎಸ್‌ಬಿ-1’ ಎಂಬ ಹೆಸರುಗಳು ಸಾಧನಕ್ಕೆ ಅಂಟಿದವಲ್ಲ. ಬ್ಯಾಂಕಿನ ಟೋಕನ್ನಿನಂತೆ, ಮೊದಲು ಬಂದವರಿಗೆ ಸೊನ್ನೆ, ಆಮೇಲೆ ಬಂದವರಿಗೆ ಒಂದು. ಆ ರಾತ್ರಿ ಪೈ ಮತ್ತೆ ಎದ್ದಾಗ ಎರಡು ಸಾಧನಗಳ ಸರದಿ ಅದಲುಬದಲಾಗಿತ್ತು. ಎರಡೂ ಪೋರ್ಟುಗಳು ತೆರೆದವು, ‘ಪೋರ್ಟ್ ಇಲ್ಲ’ ಎಂಬ ದೋಷವೆಲ್ಲೂ ಇರಲಿಲ್ಲ. ಆದರೆ 9600 ವೇಗದಲ್ಲಿ ರಿಲೇ ಬೋರ್ಡಿಗೆಂದು ಹೊರಟ ಮಾಡ್‌ಬಸ್ ಭಾಷೆಯ ಆಜ್ಞೆಗಳು ಜಿಗ್‌ಬೀ ಡಾಂಗಲಿಗೂ, 115200ರ ವೇಗದಲ್ಲಿ ಜಿಗ್‌ಬೀ ಮಾತುಗಳು ರಿಲೇ ಬೋರ್ಡಿಗೂ ಹೋಗುತ್ತಿದ್ದವು. ಉತ್ತರ ಕೊಡುವವರು ಯಾರೂ ಇರಲಿಲ್ಲ.

ಪರಿಹಾರ ಸುಲಭ. ‘ಡೆವ್’ ಫೋಲ್ಡರಿನೊಳಗಿನ ‘ಸೀರಿಯಲ್’ ಫೋಲ್ಡರಿನಲ್ಲಿ ‘ಬೈ-ಐಡಿ’ ಎಂಬುದೊಂದಿದೆ. ಅಲ್ಲಿ ತಯಾರಕರ ಹೆಸರು, ಚಿಪ್ಪಿನ ಹೆಸರು, ಸಂಖ್ಯೆ ಎಲ್ಲವೂ ಸೇರಿದ ಉದ್ದನೆಯ, ಬದಲಾಗದ ಹೆಸರು ಸಿಗುತ್ತದೆ. ನೋಡಲು ಅಸಹ್ಯವಾಗಿರುತ್ತದೆ, ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಅದನ್ನೇ ಬರೆಯಿರಿ. ಒಂದು ಎಚ್ಚರಿಕೆ: ಯುಎಸ್‌ಬಿ ಕನ್ವರ್ಟರುಗಳಲ್ಲಿರುವ ಅಗ್ಗದ ಸಿಎಚ್340 ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸಂಖ್ಯೆ ಇರುವುದಿಲ್ಲ, ಆದ್ದರಿಂದ ಅಂಥ ಎರಡನ್ನು ಚುಚ್ಚಿದರೆ ಬೈ-ಐಡಿಯಲ್ಲಿ ಒಂದೇ ಕಾಣಿಸುತ್ತದೆ. ಆಗ ಯಾವ ತೂತಿಗೆ ಚುಚ್ಚಿದೆ ಎಂಬುದರ ಮೇಲೆ ಹೆಸರಿಡುವ ‘ಬೈ-ಪಾತ್’ ಬಳಸಬೇಕು. ಬಳಸಿದ ಮೇಲೆ ಕನ್ವರ್ಟರನ್ನು ಪಕ್ಕದ ತೂತಿಗೆ ಬದಲಿಸಬಾರದು.

ಆದರೆ ನನ್ನನ್ನು ಇಷ್ಟು ಕಾಲದಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ಸರಿಯಾದದ್ದು ದೊಡ್ಡಮ್ಮನದೇ. ಎಂಜಿನಿಯರುಗಳು ಬೌಡ್ ರೇಟ್ (ಆ 9600, 115200ರ ವೇಗ) ಕೇಳುತ್ತಾರೆ, ಯಾವ ಡಾಂಗಲ್ ಕೊಳ್ಳಲಿ ಎಂದು ಕೇಳುತ್ತಾರೆ. ಪೋರ್ಟ್ ಸತ್ತ ದಿನ ಮೋಟಾರು ಹಾಕುವುದು ಹೇಗೆ ಎಂದು ಒಬ್ಬರೂ ಕೇಳುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ರಿಲೇಯನ್ನು ಬದಿಗಿಟ್ಟು ನೇರವಾಗಿ ಮೋಟಾರು ಓಡಿಸುವ ಆಟೋ-ಮ್ಯಾನ್ಯುಯಲ್ ಸ್ವಿಚ್ಚೊಂದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿಕೊಳ್ಳಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ, ಸಂಪು ತುಂಬಿದ್ದೂ ನಲ್ಲಿ ಒಣಗಿರುವುದನ್ನು ಯಾವ ಸಾಫ್ಟ್‌ವೇರಿನ ಹೆಸರು ಹೇಳಿಯೂ ಸಮರ್ಥಿಸಲಾಗದು.

ಉಳಿದ ಮೂರನ್ನು ಬೇಗ ಮುಗಿಸುತ್ತೇನೆ. ‘ಬ್ಯುಸಿ’ ಎಂದರೆ ಆ ಪೋರ್ಟನ್ನು ಬೇರೊಂದು ಪ್ರೋಗ್ರಾಂ ಹಿಡಿದುಕೊಂಡಿದೆ. ಒಂದೇ ಡಾಂಗಲ್ಲಿಗೆ ಜಿಗ್‌ಬೀ ನಡೆಸುವ ಝೆಡ್‌ಎಚ್‌ಎ, ಜಿಗ್‌ಬೀ2ಎಂಕ್ಯೂಟಿಟಿ ಎಂಬ ಎರಡೂ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಕಟ್ಟಿದವರು ಇಲ್ಲಿ ಬಂದು ನಿಲ್ಲುತ್ತಾರೆ. ‘ನೋ ಸಚ್ ಫೈಲ್’ ಬಂದರೆ ಮೊದಲು ಕೇಬಲ್ ಬದಲಿಸಿ, ಏಕೆಂದರೆ ಚಾರ್ಜ್ ಮಾಡಲು ಮಾತ್ರ ಬರುವ ಕೇಬಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ದೀಪ ಮಾತ್ರ ಚೆನ್ನಾಗಿ ಉರಿಯುತ್ತದೆ. ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ನಡೆಸುವವರು ಆ ಸಾಧನವನ್ನು ಕಂಟೇನರಿನೊಳಗೆ ಬಿಟ್ಟಿದ್ದಾರೆಯೇ ನೋಡಿಕೊಳ್ಳಲಿ. ಲಿನಕ್ಸಿನ ಒಂದು ಆವೃತ್ತಿಯಾದ ಉಬುಂಟು 22.04ರಲ್ಲಿ ಸಿಎಚ್340 ಒಂದು ಕ್ಷಣ ಕಂಡು ಮಾಯವಾದರೆ, ಬ್ರೈಲ್ ಪರದೆಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ಅದನ್ನು ತನ್ನದೆಂದು ಕಸಿದುಕೊಂಡಿರುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಅದರ ಹೆಸರೇ ಇರುತ್ತದೆ. ಬ್ರೈಲ್ ಪರದೆ ಬಳಸುವವರು ಮನೆಯಲ್ಲಿ ಇಲ್ಲದಿದ್ದರೆ ತೆಗೆದುಹಾಕಬಹುದು.

‘ಪರ್ಮಿಷನ್ ಡಿನೈಡ್’ ಎಂದರೆ ಸಾಫ್ಟ್‌ವೇರ್ ಓಡುತ್ತಿರುವ ಬಳಕೆದಾರ, ಪೋರ್ಟ್ ಬಳಸಲು ಅನುಮತಿಯಿರುವ ‘ಡಯಲ್‌ಔಟ್’ ಗುಂಪಿನಲ್ಲಿ ಇಲ್ಲ. ಓಪನ್‌ಹ್ಯಾಬ್ ತನ್ನದೇ ಹೆಸರಿನ ಬಳಕೆದಾರನಾಗಿ ಓಡುತ್ತದೆ, ನಿಮ್ಮ ಹೆಸರನ್ನು ಸೇರಿಸಿ ಪ್ರಯೋಜನವಿಲ್ಲ. ಗುಂಪಿಗೆ ಸೇರಿಸುವ ‘ಯೂಸರ್‌ಮಾಡ್’ ಆಜ್ಞೆಯಲ್ಲಿ ದೊಡ್ಡ ‘ಜಿ’ಯ ಜೊತೆಗೆ ಸಣ್ಣ ‘ಎ’ ಇರಲೇಬೇಕು. ಅದನ್ನು ಬಿಟ್ಟರೆ ಹೊಸ ಗುಂಪಿಗೆ ಸೇರಿಸುವುದರ ಜೊತೆಗೆ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಹಾಕುತ್ತದೆ, ನಿಮ್ಮದೇ ಖಾತೆಯ ಮೇಲೆ ಹೀಗೆ ಮಾಡಿದರೆ ‘ಸುಡೊ’ (ನಿರ್ವಾಹಕ) ಅಧಿಕಾರವೂ ಹೋಗುತ್ತದೆ. ಸೇರಿಸಿದ ಮೇಲೆ ಸರ್ವಿಸನ್ನು ಮರುಪ್ರಾರಂಭಿಸಿ. ಆಮೇಲೂ ಆಗದಿದ್ದರೆ ಫೋನ್ ಮಾಡಿ, ಆದರೆ ಲಾಗ್‌ನ ಆ ಸಾಲನ್ನು ಅಕ್ಷರವೂ ಬಿಡದೆ ಓದಿ ಹೇಳಿ.