ಮಾಂಸ ಕೀಳುವ ಮಾತು

ನಿನ್ನೆ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಬಾಗಿಲು ತೆಗೆದ ಅಮ್ಮ, "ಇಷ್ಟು ಬೇಗ ಯಾಕೆ ಬಂದೆ? ಇನ್ನೂ ಸ್ವಲ್ಪ ಹೊತ್ತಿದ್ದು ಬೆಳಗಿನ ಹಾಲು ತಗೊಂಡೇ ಬರಬಹುದಿತ್ತಲ್ಲ" ಅಂದರು. ತಂಗಿ ಒಳಗಿಂದಲೇ "ಅಮ್ಮನ ಸಾರ್ಕಾಸಂ ಸೂಪರ್" ಅಂತ ಕೂಗಿದಳು.

ತಟ್ಟೆ ಮುಂದೆ ಕೂತಾಗ ಆ ಪದದ ಮೂಲ ನೆನಪಾಯಿತು. ಗ್ರೀಕಿನಲ್ಲಿ ಸಾರ್ಕ್ಸ್ ಅಂದರೆ ಮಾಂಸ. ಅದರಿಂದ ಹುಟ್ಟಿದ ಸಾರ್ಕಾಜೈನ್ ಅನ್ನೋ ಕ್ರಿಯಾಪದಕ್ಕೆ ನಾಯಿ ಹಾಗೆ ಮಾಂಸ ಕಿತ್ತು ಹರಿಯುವುದು, ಸಿಟ್ಟಿಗೆ ತುಟಿ ಕಚ್ಚುವುದು, ಹೀಯಾಳಿಸುವುದು ಅಂತೆಲ್ಲ ಅರ್ಥ. ಲ್ಯಾಟಿನ್ ದಾಟಿಕೊಂಡು 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಕಲ್ಲಿನ ಶವಪೆಟ್ಟಿಗೆಗೆ ಸಾರ್ಕೋಫಗಸ್ ಅಂತಾರಲ್ಲ, ಅದೂ ಇದೇ ಬೇರಿನದು. ಅದರ ಅರ್ಥ 'ಮಾಂಸ ತಿನ್ನುವುದು'. ಹೆಣವನ್ನು ಬೇಗ ಕರಗಿಸುತ್ತದೆ ಅಂತ ನಂಬಿದ್ದ ಒಂದು ಬಗೆಯ ಸುಣ್ಣಕಲ್ಲಿಗೆ ಆ ಹೆಸರಿತ್ತು.

ನಮ್ಮ 'ಚುಚ್ಚು ಮಾತು' ಇದರ ಮುಂದೆ ಬರೀ ಸೂಜಿ, ಅಲ್ವಾ? 'ಕೊಂಕು' ಇನ್ನೂ ಸಾಧು. ಸುಮ್ನೆ ಡೊಂಕಾಗಿ ಹೋಗುತ್ತೆ ಅಷ್ಟೇ.

ಈಗ ಯಾವ ತಮಾಷೆಗೂ ಸಾರ್ಕಾಸಂ ಅಂತಾರೆ. ಮಳೆಯಲ್ಲಿ ನೆನೆದವನು ತನಗೆ ತಾನೇ "ಆಹಾ, ಎಂಥಾ ಹವಾ" ಅಂದುಕೊಂಡರೆ ಅದು ಬರೀ ವ್ಯಂಗ್ಯ. ಸಾರ್ಕಾಸಂ ಅನ್ನಿಸಿಕೊಳ್ಳೋಕೆ ಎದುರಿಗೊಬ್ಬ ಇರಬೇಕು, ಅವನಿಗೆ ತಾಗಬೇಕು. ವಾಟ್ಸಾಪಿನಲ್ಲಂತೂ ದನಿಯೇ ಕೇಳಿಸಲ್ಲ. ನನ್ನ "ತುಂಬಾ ಚೆನ್ನಾಗಿದೆ"ಗೆ ಜನ ನಿಜವಾಗಲೂ ಥ್ಯಾಂಕ್ಸ್ ಹೇಳಿದ್ದಾರೆ!

ಇದೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಗ್ರೀಕ್ ಪಂಡಿತರೇ, ತಟ್ಟೆ ತೊಳೆದಿಡಿ" ಅಂದರು.